ಕುಡಿಯುವುದು ಬೇರೆ, ಬಿಡಲಾಗದಿರುವುದು ಬೇರೆ: ಮದ್ಯಪಾನದ ಸಂಶೋಧನೆ ಪ್ರಾಣಿಗಳಿಂದ ಕಲಿತದ್ದು

2025ರ ಸೆಪ್ಟೆಂಬರ್‌ನಲ್ಲಿ 'ಸೈನ್ಸ್ ಅಡ್ವಾನ್ಸಸ್' ನಿಯತಕಾಲಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ಉಗಾಂಡದ ಎನ್‌ಗೊಗೊ ಮತ್ತು ಐವರಿ ಕೋಸ್ಟ್‌ನ ತಾಯ್ ಕಾಡುಗಳಲ್ಲಿ ಚಿಂಪಾಂಜಿಗಳು ತಿನ್ನುವ ಹಣ್ಣುಗಳನ್ನು ಸಂಗ್ರಹಿಸಿ, ಅವುಗಳಲ್ಲಿರುವ ಎಥನಾಲ್, ಅಂದರೆ ಮದ್ಯದಲ್ಲಿ ಅಮಲೇರಿಸುವ ಅಂಶದ, ಪ್ರಮಾಣವನ್ನು ಅಳೆದಿದ್ದರು. ಅದು ಹಣ್ಣಿನ ತೂಕದ ಶೇ 0.3ರ ಆಸುಪಾಸಿನಲ್ಲಿತ್ತು. ಪ್ರಮಾಣ ಅತ್ಯಲ್ಪವೆನಿಸಿದರೂ ಒಂದು ಚಿಂಪಾಂಜಿ ದಿನಕ್ಕೆ ಸುಮಾರು 4.5 ಕಿಲೋ ಹಣ್ಣು ತಿನ್ನುವುದರಿಂದ, ಅದರ ದೇಹ ಸೇರುವ ಎಥನಾಲ್ ದಿನಕ್ಕೆ 14 ಗ್ರಾಂನಷ್ಟಾಗುತ್ತದೆ ಎಂಬುದು ಅವರ ಲೆಕ್ಕ. ಒಂದು ಸಣ್ಣ ಬಾಟಲಿ ಬಿಯರ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಹಲವು ಸುದ್ದಿಗಳ ತಲೆಬರಹದಲ್ಲಿ ಕಾಡಿನ ವಾನರಗಳು ಕುಡುಕರಾಗಿಬಿಟ್ಟವು.

ಸಂಶೋಧಕರು ಅಳೆದದ್ದು ಹಣ್ಣನ್ನು. ಚಿಂಪಾಂಜಿಗಳು ತೂರಾಡಿದ್ದನ್ನು ಅವರು ಕಾಣಲಿಲ್ಲ, ಕಂಡೆವೆಂದು ಹೇಳಿಕೊಳ್ಳಲೂ ಇಲ್ಲ. ದಿನವಿಡೀ ಹೊಟ್ಟೆ ತುಂಬ ಹಣ್ಣು ತಿನ್ನುವ ಪ್ರಾಣಿಯ ರಕ್ತಕ್ಕೆ 14 ಗ್ರಾಂ ಎಥನಾಲ್ ಹನಿಹನಿಯಾಗಿ ಸೇರುತ್ತದೆ, ಸೇರಿದಂತೆಯೇ ಕರಗುತ್ತದೆ. ಮದ್ಯದ ಕುರಿತ ಯಾವುದೇ ಸಂಶೋಧನೆಯನ್ನು ಓದುವಾಗ ಮೂರು ಸಂಗತಿಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಆಹಾರದ ಜೊತೆಗೆ ಎಥನಾಲ್ ದೇಹ ಸೇರುವುದು ಒಂದು, ಬೇರೆ ಪಾನೀಯ ಇದ್ದರೂ ಮದ್ಯವನ್ನೇ ಆರಿಸಿಕೊಂಡು ಕುಡಿಯುವುದು ಇನ್ನೊಂದು, ಕೇಡಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು ಮತ್ತೊಂದು. ಈ ಮೂರನ್ನೂ ಕಲಸಿದ ಕಡೆಯಲ್ಲೆಲ್ಲ ವಿಜ್ಞಾನವೂ ಎಡವಿದೆ, ವಿಜ್ಞಾನದ ವರದಿಗಾರಿಕೆಯೂ ಎಡವಿದೆ. ಇದರ ಬೆಲೆ ತೆರುವವರು ಚಿಕಿತ್ಸೆಗಾಗಿ ಕಾದಿರುವ ರೋಗಿಗಳು.

ಮೊದಲನೆಯದಕ್ಕೆ ಬಹಳ ಹಳೆಯ ಚರಿತ್ರೆಯಿದೆ. ಮಾಗಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಹುದುಗಿಸಿದಾಗ ಎಥನಾಲ್ ಹುಟ್ಟುತ್ತದೆ, ಅದರ ವಾಸನೆ ಗಾಳಿಯಲ್ಲಿ ದೂರ ಸಾಗುತ್ತದೆ. ಆ ವಾಸನೆಯನ್ನು ಹಿಡಿದು ಹೋದ ಪ್ರಾಣಿಗೆ ಮಾಗಿದ ಹಣ್ಣು ಸಿಗುತ್ತದೆ. ಮದ್ಯದ ಕಡೆಗಿನ ನಮ್ಮ ಒಲವಿನ ಬೇರು ಇಲ್ಲಿದೆ ಎಂಬ ವಾದವನ್ನು ಬರ್ಕ್ಲಿಯ ಜೀವವಿಜ್ಞಾನಿ ರಾಬರ್ಟ್ ಡಡ್ಲಿ 2000ದಿಂದಲೂ ಮುಂದಿಡುತ್ತ ಬಂದಿದ್ದಾರೆ. ವಂಶವಾಹಿಗಳ ಅಧ್ಯಯನವೂ ಅದಕ್ಕೆ ಒಂದಿಷ್ಟು ಬಲ ಕೊಟ್ಟಿತು. ಜೀರ್ಣಾಂಗಗಳಲ್ಲಿ ಎಥನಾಲನ್ನು ಒಡೆಯುವ ಎಡಿಎಚ್4 ಎಂಬ ಕಿಣ್ವದಲ್ಲಿ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ, ಮನುಷ್ಯ, ಚಿಂಪಾಂಜಿ ಮತ್ತು ಗೊರಿಲ್ಲಾಗಳ ಸಮಾನ ಪೂರ್ವಜರಲ್ಲಿ, ಒಂದು ಬದಲಾವಣೆಯಾಯಿತೆಂದೂ ಅದರಿಂದ ಕಿಣ್ವದ ಸಾಮರ್ಥ್ಯ ಸುಮಾರು 40 ಪಟ್ಟು ಹೆಚ್ಚಿತೆಂದೂ ಮ್ಯಾಥ್ಯೂ ಕ್ಯಾರಿಗನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಮರದಿಂದ ನೆಲಕ್ಕಿಳಿದ ವಾನರಗಳಿಗೆ ಬಿದ್ದು ಹುದುಗಿದ ಹಣ್ಣೂ ಆಹಾರವಾಗಲು ಇದು ನೆರವಾಗಿರಬಹುದು. ಹಾಗೆಂದು, ಜೀರ್ಣಿಸಿಕೊಳ್ಳುವ ಶಕ್ತಿ ಇದ್ದ ಮಾತ್ರಕ್ಕೆ ಆಸೆ ಇದೆ ಎಂದಾಗುವುದಿಲ್ಲ. ಮಲೇಷ್ಯಾದ ಗರಿಬಾಲದ ಮರಸುಂಡಿಲಿ ರಾತ್ರಿಯಿಡೀ ಬರ್ತಾಮ್ ತಾಳೆಯ ಹುದುಗಿದ ಮಕರಂದ ಹೀರುತ್ತದೆ. ಅದರಲ್ಲಿ ಶೇ 3.8ರವರೆಗೂ ಮದ್ಯಾಂಶವಿರುತ್ತದೆ. ಆದರೂ ಅದು ಮತ್ತೇರಿದಂತೆ ವರ್ತಿಸುವುದಿಲ್ಲ ಎಂದು 2008ರ ಅಧ್ಯಯನ ದಾಖಲಿಸಿದೆ.

ಇಲ್ಲಿ ಆನೆಯ ಕಥೆಯನ್ನೂ ಹೇಳಬೇಕು, ಏಕೆಂದರೆ ತೀರ್ಮಾನಕ್ಕೆ ಅವಸರಪಡಬಾರದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಮರುಲ ಹಣ್ಣು ತಿಂದು ಆಫ್ರಿಕಾದ ಆನೆಗಳಿಗೆ ಅಮಲೇರುತ್ತದೆ ಎಂಬ ಮಾತು ಬಹಳ ಹಳೆಯದು. ಅಷ್ಟು ದೊಡ್ಡ ದೇಹಕ್ಕೆ ಅಮಲೇರಬೇಕಾದರೆ ಅಸಾಧ್ಯವೆನಿಸುವಷ್ಟು ಹಣ್ಣು ಬೇಕು ಎಂದು 2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ಆ ಮಾತನ್ನು ತಳ್ಳಿಹಾಕಿದರು. ಆ ಲೆಕ್ಕದಲ್ಲಿ ಆನೆಯ ದೇಹ ಮನುಷ್ಯನ ದೇಹದಷ್ಟೇ ಚುರುಕಾಗಿ ಎಥನಾಲನ್ನು ಒಡೆಯುತ್ತದೆ ಎಂಬ ಊಹೆ ಅಡಗಿತ್ತು. 2020ರಲ್ಲಿ 85 ಸಸ್ತನಿಗಳ ವಂಶವಾಹಿಗಳನ್ನು ಹೋಲಿಸಿದ ಮರೈಕೆ ಯಾನಿಯಾಕ್ ಮತ್ತು ಸಂಗಡಿಗರು, ಈ ಕೆಲಸಕ್ಕೆ ಬೇಕಾದ ಮುಖ್ಯ ಕಿಣ್ವವನ್ನು ಆನೆಗಳು ಕಳೆದುಕೊಂಡಿವೆ ಎಂದು ತೋರಿಸಿದಾಗ, ಮುಗಿದುಹೋಯಿತೆಂದುಕೊಂಡಿದ್ದ ಪ್ರಶ್ನೆ ಮತ್ತೆ ಜೀವ ಪಡೆಯಿತು. ಒಂದು ಜೀವಿಯ ದೇಹದ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವ ತಪ್ಪು ಎರಡು ದಿಕ್ಕಿನಲ್ಲೂ ಆಗಬಹುದು.

ಆರಿಸಿಕೊಂಡು ಕುಡಿಯುವುದಕ್ಕೆ ಕಾಡಿನಲ್ಲಿ ಸಿಕ್ಕಿರುವ ಸ್ಪಷ್ಟವಾದ ಸಾಕ್ಷ್ಯ ಗಿನಿ ದೇಶದ ಬೊಸ್ಸು ಎಂಬಲ್ಲಿಯದು. ಅಲ್ಲಿನ ಜನ ರಾಫಿಯಾ ತಾಳೆಯ ತುದಿಯನ್ನು ಕೆತ್ತಿ, ಪ್ಲಾಸ್ಟಿಕ್ ಪಾತ್ರೆ ಕಟ್ಟಿ ರಸ ಇಳಿಸುತ್ತಾರೆ. ಪಾತ್ರೆಯಲ್ಲೇ ಹುದುಗಿ ಅದು ಹೆಂಡವಾಗುತ್ತದೆ. ಚಿಂಪಾಂಜಿಗಳು ಮರ ಹತ್ತಿ, ಎಲೆಗಳನ್ನು ಬಾಯಲ್ಲಿ ಅಗಿದು ಮುದ್ದೆ ಮಾಡಿ, ಅದನ್ನು ಪಾತ್ರೆಯೊಳಗೆ ಅದ್ದಿ ಹೀರುತ್ತವೆ. 1995ರಿಂದ 2012ರವರೆಗಿನ ದಾಖಲೆಗಳನ್ನು ಆಧರಿಸಿ ಕಿಂಬರ್ಲಿ ಹಾಕಿಂಗ್ಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆ ಹೆಂಡದಲ್ಲಿ ಸರಾಸರಿ ಶೇ 3.1ರಷ್ಟು, ಕೆಲವೊಮ್ಮೆ ಶೇ 6.9ರವರೆಗೂ ಮದ್ಯಾಂಶವಿತ್ತು. ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆಯೇ ಸಂಗತಿ. ಗುಂಪಿನ ಸುಮಾರು ಅರ್ಧದಷ್ಟು ಚಿಂಪಾಂಜಿಗಳು ಒಮ್ಮೆಯೂ ಕುಡಿದದ್ದು ಕಂಡುಬರಲಿಲ್ಲ. ಒಂದು ಗಂಡು ಮಾತ್ರ ಉಳಿದವುಗಳಿಗಿಂತ ಬಹಳ ಹೆಚ್ಚು ಬಾರಿ ಕುಡಿದಿತ್ತು. ಒಂದೇ ಕಾಡು, ಅದೇ ಮರ, ಅದೇ ಪಾತ್ರೆ. ಆದರೂ ನಡವಳಿಕೆ ಒಂದೊಂದರದು ಒಂದೊಂದು ಬಗೆ.

ಪ್ರಯೋಗಾಲಯದಲ್ಲಿ ಈ ಆಯ್ಕೆಯನ್ನು ಅಳೆಯುವ ವಿಧಾನ ನೋಡಲು ಬಹಳ ಸರಳ. ಪಂಜರಕ್ಕೆ ಎರಡು ಬಾಟಲಿ ತೂಗುಹಾಕುತ್ತಾರೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಮದ್ಯ ಬೆರೆಸಿದ ನೀರು. ಬೆಳಿಗ್ಗೆ ಎರಡನ್ನೂ ತೂಗಿದರೆ ಇಲಿ ಯಾವುದನ್ನು ಎಷ್ಟು ಕುಡಿದಿದೆ ಎಂಬುದು ತಿಳಿಯುತ್ತದೆ. ಆದರೆ ಇಲಿಗಳಿಗೆ ಎಡ ಅಥವಾ ಬಲ ಮೂಲೆಯ ಮೇಲೆ ಒಲವು ಇರಬಹುದಾದ್ದರಿಂದ ಬಾಟಲಿಗಳ ಜಾಗವನ್ನು ಆಗಾಗ ಅದಲುಬದಲು ಮಾಡಬೇಕು. ಹನಿ ಸೋರಿ, ಆವಿಯಾಗಿ ಹೋದದ್ದನ್ನು ಕಳೆಯಲು ಇಲಿಯೇ ಇಲ್ಲದ ಒಂದು ಪಂಜರಕ್ಕೂ ಅಂಥದೇ ಬಾಟಲಿಗಳನ್ನು ತೂಗುಹಾಕಿ ತೂಗಬೇಕು. ಕರ್ಟ್ ರಿಕ್ಟರ್ 1940ರಲ್ಲಿ ಹೀಗೆ ಬಾಟಲಿಗಳನ್ನಿಟ್ಟು, ಇಲಿಗಳು ತೀರ ತೆಳುವಾದ ಮದ್ಯವನ್ನು ನೀರಿಗಿಂತ ಇಷ್ಟಪಡುತ್ತವೆ, ಸಾಂದ್ರತೆ ಏರಿದಂತೆ ದೂರ ಸರಿಯುತ್ತವೆ ಎಂದು ತೋರಿಸಿದರು. 1959ರಲ್ಲಿ ಮೆಕ್ಲರ್ನ್ ಮತ್ತು ರಾಜರ್ಸ್, ಒಂದು ತಳಿಯ ಸುಂಡಿಲಿಗಳು ಮದ್ಯದ ಬಾಟಲಿಗೇ ಹೋದರೆ ಇನ್ನೊಂದು ತಳಿಯವು ಅದನ್ನು ಮುಟ್ಟುವುದೇ ಅಪರೂಪ ಎಂಬುದನ್ನು ಕಂಡುಕೊಂಡರು. ಫಿನ್‌ಲೆಂಡಿನಲ್ಲಿ ಕಾಲೆರ್ವೊ ಎರಿಕ್ಸನ್ ಹೆಚ್ಚು ಕುಡಿಯುವ ಇಲಿಗಳನ್ನು ಹೆಚ್ಚು ಕುಡಿಯುವವುಗಳ ಜೊತೆಗೆ, ಕುಡಿಯದವನ್ನು ಕುಡಿಯದವುಗಳ ಜೊತೆಗೆ ಪೀಳಿಗೆಯಿಂದ ಪೀಳಿಗೆಗೆ ಕೂಡಿಸುತ್ತ ಹೋಗಿ ಎರಡು ಬೇರೆಬೇರೆ ವಂಶಗಳನ್ನೇ ಬೆಳೆಸಿದರು. ಕುಡಿತದ ಒಲವಿನಲ್ಲಿ ಆನುವಂಶಿಕತೆಯ ಪಾಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿರಲಿಲ್ಲ. ಮನುಷ್ಯರಲ್ಲಿ ಅವಳಿಗಳ ಅಧ್ಯಯನಗಳೂ ಮದ್ಯವ್ಯಸನದ ಅಪಾಯದ ಅರ್ಧದಷ್ಟು ಪಾಲನ್ನು ಆನುವಂಶಿಕತೆಗೆ ಕೊಡುತ್ತವೆ.

ಇಷ್ಟಾದರೂ ಬಾಟಲಿಯ ತೂಕ ಎಲ್ಲವನ್ನೂ ಹೇಳುವುದಿಲ್ಲ. ಸಾಮಾನ್ಯ ಇಲಿಗೆ ಮದ್ಯದ ಕಟು ರುಚಿ ಹಿಡಿಸದು. ಅದಕ್ಕಾಗಿಯೇ 1980ರ ದಶಕದಲ್ಲಿ, ಮೊದಲು ಸಕ್ಕರೆ ನೀರು ಕೊಟ್ಟು, ದಿನದಿನಕ್ಕೆ ಸಕ್ಕರೆ ಕಡಿಮೆ ಮಾಡುತ್ತ ಮದ್ಯ ಹೆಚ್ಚಿಸುತ್ತ ಹೋಗುವ ವಿಧಾನ ಬಳಕೆಗೆ ಬಂತು. ಹೀಗೆ ಕಲಿಸಿದ ಕುಡಿತ ಒಲವೋ ಅಭ್ಯಾಸವೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಹಣ್ಣುನೊಣಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಹೆಣ್ಣು ನಿರಾಕರಿಸಿದ ಗಂಡು ನೊಣಗಳು ಕೂಡಿದ ನೊಣಗಳಿಗಿಂತ ಹೆಚ್ಚು ಮದ್ಯ ಬೆರೆತ ಆಹಾರ ಸೇವಿಸುತ್ತವೆ, ಅವುಗಳ ಮಿದುಳಿನಲ್ಲಿ ನ್ಯೂರೋಪೆಪ್ಟೈಡ್ ಎಫ್ ಎಂಬ ರಾಸಾಯನಿಕ ಕಡಿಮೆಯಾಗಿರುತ್ತದೆ ಎಂದು ಗಾಲಿತ್ ಶೋಹತ್-ಓಫಿರ್ ಮತ್ತು ಅಲ್ರೈಕ್ ಹೆಬರ್‌ಲೈನ್ 2012ರಲ್ಲಿ ತೋರಿಸಿದರು. ವಿರಹದಲ್ಲಿ ಕುಡಿಯುವ ನೊಣ ಎಂದು ಅದನ್ನು ಬಣ್ಣಿಸುವುದು ಸುಲಭ. ಸಸ್ತನಿಗಳಲ್ಲೂ ಆ ರಾಸಾಯನಿಕದ ಹತ್ತಿರದ ಸಂಬಂಧಿಯಾದ ನ್ಯೂರೋಪೆಪ್ಟೈಡ್ ವೈ ಕುಡಿತದ ಮೇಲೆ ಪ್ರಭಾವ ಬೀರುತ್ತದೆ ಎಂಬುದು ಆ ಸಂಶೋಧನೆಯ ನಿಜವಾದ ತೂಕ. ಅದೇ ನೊಣಗಳ ಹೆಣ್ಣುಗಳು ಪರಾವಲಂಬಿ ಕಣಜಗಳನ್ನು ಕಂಡೊಡನೆ ಮದ್ಯಾಂಶವಿರುವ ಆಹಾರದಲ್ಲಿ ಮೊಟ್ಟೆಯಿಡುತ್ತವೆ, ಮರಿಹುಳುಗಳಿಗೆ ಅದು ರಕ್ಷಣೆ ಕೊಡುತ್ತದೆ ಎಂದು ಮರುವರ್ಷವೇ ಇನ್ನೊಂದು ತಂಡ ತೋರಿಸಿತು. ನೊಣಕ್ಕೆ ಎಥನಾಲ್ ಅಮಲಿನ ವಸ್ತು ಮಾತ್ರವಲ್ಲ, ಆಹಾರವೂ ಹೌದು, ಔಷಧವೂ ಹೌದು.

ಮೂರನೆಯ ಸಂಗತಿಗೆ, ಬಿಡಲಾಗದಿರುವುದಕ್ಕೆ ಬಂದಾಗಲೇ ಈ ಕ್ಷೇತ್ರ ನಿಜವಾಗಿ ಬದಲಾದದ್ದು. ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದಲ್ಲಿ, 17ನೇ ಶತಮಾನದಲ್ಲಿ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಾದಿಂದ ಬಂದು ನೆಲೆಸಿದ ವರ್ವೆಟ್ ಕೋತಿಗಳ ಮೇಲೆ ಫ್ರಾಂಕ್ ಅರ್ವಿನ್ ಮತ್ತು ರಾಬರ್ಟಾ ಪಾಮೋರ್ ದಶಕಗಳ ಕಾಲ ಅಧ್ಯಯನ ನಡೆಸಿದರು. ಮದ್ಯ ಮುಕ್ತವಾಗಿ ಸಿಕ್ಕಾಗ ಹೆಚ್ಚಿನ ಕೋತಿಗಳು ಮಿತವಾಗಿ ಕುಡಿದವು; ಕೆಲವು ಸಿಹಿನೀರನ್ನೇ ಬಯಸಿದವು; ನೂರಕ್ಕೆ ಐದರಷ್ಟು ಮಾತ್ರ ಪ್ರಜ್ಞೆ ತಪ್ಪುವವರೆಗೂ ಕುಡಿದವು. ಇಲಿಗಳಲ್ಲೂ ಇದೇ ಅಸಮತೆ ಕಂಡಿತು. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೈಲಿಗ್ ಅವರ ತಂಡ 2018ರಲ್ಲಿ ಒಂದು ಸರಳವಾದ, ಅಲ್ಲಿಯವರೆಗೂ ಹೆಚ್ಚಿನವರು ಕೇಳದೇ ಬಿಟ್ಟಿದ್ದ ಪ್ರಶ್ನೆ ಕೇಳಿತು. ಸನ್ನೆಕೋಲನ್ನು ಒತ್ತಿ ಮದ್ಯ ಪಡೆಯಲು ಕಲಿತ ಇಲಿಗಳ ಮುಂದೆ ಸಿಹಿ ಪಾನೀಯದ ಸನ್ನೆಯನ್ನೂ ಇಟ್ಟರೆ ಏನಾದೀತು? ಬಹುಪಾಲು ಇಲಿಗಳು ಮದ್ಯವನ್ನು ಬಿಟ್ಟು ಸಿಹಿಯ ಕಡೆಗೆ ಹೋದವು. ಶೇ 15ರಷ್ಟು ಮಾತ್ರ ಹೋಗಲಿಲ್ಲ. ಮದ್ಯದ ಜೊತೆಗೆ ಕಾಲಿಗೆ ವಿದ್ಯುತ್ತಿನ ಚುರುಕು ತಾಗಿಸಿದಾಗಲೂ ಅವು ಸನ್ನೆ ಒತ್ತುತ್ತಲೇ ಇದ್ದವು.

ಆ ಶೇ 15ರ ಮಿದುಳಿನಲ್ಲಿ ಅಮಿಗ್ಡಲ ಎಂಬ, ಭಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಭಾಗದ ಮಧ್ಯದಲ್ಲಿ ಒಂದು ಕೊರತೆ ಇತ್ತು. ನರಕೋಶಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕವನ್ನು ಕೋಶಗಳ ಸುತ್ತಲಿಂದ ತೆಗೆದುಹಾಕುವ, ಜಿಎಟಿ-3 ಎಂಬ ಪ್ರೋಟೀನು ಅಲ್ಲಿ ಕಡಿಮೆಯಾಗಿತ್ತು. ಸಿಹಿಯನ್ನೇ ಆರಿಸುತ್ತಿದ್ದ ಇಲಿಗಳಲ್ಲಿ ಅದನ್ನು ಕೃತಕವಾಗಿ ತಗ್ಗಿಸಿದಾಗ ಅವೂ ಮದ್ಯದ ಕಡೆಗೆ ತಿರುಗಿದವು. ಮದ್ಯವ್ಯಸನವಿದ್ದು ಮೃತಪಟ್ಟವರ ಮಿದುಳಿನ ಅದೇ ಭಾಗದಲ್ಲೂ ಅದೇ ಕೊರತೆ ಕಂಡುಬಂತು. ಇಲ್ಲಿ ಕಲಿಯಬೇಕಾದದ್ದು ಬಹಳಷ್ಟಿದೆ. ಪಂಜರದಲ್ಲಿ ಮದ್ಯ ಬಿಟ್ಟು ಬೇರೇನೂ ಇಲ್ಲದಾಗ ಎಲ್ಲ ಇಲಿಗಳೂ ಕುಡಿಯುವವೇ. ಬೇರೆ ಆಯ್ಕೆ ಕೊಟ್ಟ ಮೇಲೂ ಕುಡಿಯುವುದು ಯಾವುದು ಎಂದು ನೋಡಿದಾಗಲೇ ವ್ಯಸನದ ಆಕಾರ ಕಾಣುತ್ತದೆ. ದಶಕಗಳ ಕಾಲ ನಾವು ಎಲ್ಲ ಇಲಿಗಳ ಸರಾಸರಿಯನ್ನು ಓದುತ್ತಿದ್ದೆವು, ರೋಗವಿದ್ದದ್ದು ಆ ಸರಾಸರಿಯ ಹಿಂದೆ ಮರೆಯಾಗಿದ್ದ ಕೆಲವೇ ಇಲಿಗಳಲ್ಲಿ.

ಮನುಷ್ಯನ ವಿಷಯದಲ್ಲಿ ಇದರ ಮೇಲೆ ಇನ್ನೊಂದು ಪದರ ಬಂದು ಕೂರುತ್ತದೆ, ಅದು ನಂಬಿಕೆಯದು. 1973ರಲ್ಲಿ ಅಲನ್ ಮಾರ್ಲಟ್ ಮತ್ತು ಸಂಗಡಿಗರು ಮದ್ಯವ್ಯಸನಿಗಳನ್ನೂ ಮಿತವಾಗಿ ಕುಡಿಯುವವರನ್ನೂ ರುಚಿ ನೋಡುವ ಪರೀಕ್ಷೆಯೆಂದು ಹೇಳಿ ಕರೆಸಿದರು. ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ನೀರು, ಕೆಲವರಿಗೆ ಬರಿಯ ಟಾನಿಕ್ ನೀರು. ಆದರೆ ಲೋಟದಲ್ಲಿ ಏನಿದೆ ಎಂದು ಹೇಳಿದ್ದಕ್ಕೂ ನಿಜವಾಗಿ ಇದ್ದದ್ದಕ್ಕೂ ಎಲ್ಲರ ವಿಷಯದಲ್ಲಿ ತಾಳೆಯಿರಲಿಲ್ಲ. ವೋಡ್ಕಾ ಇದೆ ಎಂದು ನಂಬಿದವರು, ಇದ್ದರೂ ಇಲ್ಲದಿದ್ದರೂ, ಹೆಚ್ಚು ಕುಡಿದರು. ವೋಡ್ಕಾ ಇದ್ದೂ ಅದು ಬರಿಯ ಟಾನಿಕ್ ಎಂದು ನಂಬಿದ ವ್ಯಸನಿಗಳು ಹೆಚ್ಚು ಕುಡಿಯಲಿಲ್ಲ. ಮೊದಲ ಗುಟುಕು ಗಂಟಲಿಗಿಳಿದೊಡನೆ ರಾಸಾಯನಿಕವೇ ಮನುಷ್ಯನನ್ನು ಎಳೆದೊಯ್ಯುತ್ತದೆ ಎಂಬ ಆ ಕಾಲದ ಬಲವಾದ ನಂಬಿಕೆಗೆ ಇದು ದೊಡ್ಡ ಪೆಟ್ಟು ಕೊಟ್ಟಿತು. ಯಾವ ಇಲಿಗೂ ಲೋಟದಲ್ಲಿ ಏನಿದೆಯೆಂದು ಸುಳ್ಳು ಹೇಳಲಾಗದು. ಪ್ರಾಣಿ ಮಾದರಿಗಳ ಮಿತಿಯನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಬೇರೆ ಪ್ರಯೋಗವನ್ನು ನಾನು ಓದಿಲ್ಲ.

ಸಮಾಜದ ಪಾಲು ಎಷ್ಟೆಂಬುದಕ್ಕೆ ಇನ್ನೊಂದು ಸುಳಿವು ಗಂಡು ಹೆಣ್ಣಿನ ವ್ಯತ್ಯಾಸದಲ್ಲಿದೆ. ಎರಡು ಬಾಟಲಿಯ ಪರೀಕ್ಷೆಯಲ್ಲಿ, ದೇಹತೂಕಕ್ಕೆ ಹೋಲಿಸಿದರೆ, ಸಾಮಾನ್ಯವಾಗಿ ಹೆಣ್ಣು ಇಲಿಗಳೇ ಹೆಚ್ಚು ಕುಡಿಯುತ್ತವೆ. ಮನುಷ್ಯರಲ್ಲಿ ಲೆಕ್ಕ ತಲೆಕೆಳಗು: ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2019ರಲ್ಲಿ ಮದ್ಯದಿಂದ ಸಂಭವಿಸಿದ 26 ಲಕ್ಷ ಸಾವುಗಳಲ್ಲಿ ಸುಮಾರು 20 ಲಕ್ಷ ಪುರುಷರದು. ಜಪಾನಿನ ದಾಖಲೆ ಇದಕ್ಕಿಂತಲೂ ಕಣ್ಣು ತೆರೆಸುವಂಥದು. ಪೂರ್ವ ಏಷ್ಯಾದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ ಎಎಲ್‌ಡಿಎಚ್2 ಎಂಬ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಥನಾಲ್ ಒಡೆದು ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷ ಅವರ ದೇಹದಲ್ಲಿ ಉಳಿದುಬಿಡುವುದರಿಂದ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. 1948ರಲ್ಲಿ ಡೆನ್ಮಾರ್ಕಿನಲ್ಲಿ ಬೆಳಕಿಗೆ ಬಂದ ಡೈಸಲ್ಫಿರಾಮ್ ಎಂಬ ಔಷಧ ಕೃತಕವಾಗಿ ಮಾಡುವುದೂ ಇದನ್ನೇ. ಹೀಗಾಗಿ ಈ ಜನರಲ್ಲಿ ಮದ್ಯವ್ಯಸನ ಅಪರೂಪ. ಆದರೆ ಜಪಾನಿನಲ್ಲಿ ಚಿಕಿತ್ಸೆಗೆ ಬಂದ ಮದ್ಯವ್ಯಸನಿಗಳ ಪೈಕಿ ಈ ಕೊರತೆ ತರುವ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತವರ ಪಾಲು 1979ರಲ್ಲಿ ಶೇ 2.5 ಇದ್ದದ್ದು, 1986ರಲ್ಲಿ ಶೇ 8ಕ್ಕೂ 1992ರಲ್ಲಿ ಶೇ 13ಕ್ಕೂ ಏರಿತು. ಹದಿಮೂರು ವರ್ಷಗಳಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಕುಡಿಯುವ ಒತ್ತಡ ಮತ್ತು ಅವಕಾಶ. ಅವುಗಳ ಮುಂದೆ ದೇಹ ಕೊಟ್ಟ ರಕ್ಷಣೆ ಸಡಿಲವಾಯಿತು. ಆ ಕೊರತೆಯಿದ್ದೂ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು ಎಂಬುದು ಈ ಅಂಕಿಗಳನ್ನು ಇನ್ನಷ್ಟು ಭಾರವಾಗಿಸುತ್ತದೆ.

ಇದೇ ವಂಶವಾಹಿ ಇನ್ನೊಂದು ಹಳೆಯ ವಾದವನ್ನೂ ಬಗೆಹರಿಸಲು ನೆರವಾಯಿತು. ಮಿತವಾಗಿ ಕುಡಿದರೆ ಹೃದಯಕ್ಕೂ ರಕ್ತನಾಳಗಳಿಗೂ ಒಳ್ಳೆಯದು ಎಂಬ ಮಾತಿಗೆ ಆಧಾರವಾಗಿದ್ದ ಅಧ್ಯಯನಗಳಲ್ಲಿ, ಕಾಯಿಲೆ ಬಂದು ಕುಡಿತ ಬಿಟ್ಟವರೂ 'ಕುಡಿಯದವರ' ಲೆಕ್ಕಕ್ಕೆ ಸೇರಿಹೋಗುತ್ತಿದ್ದರು. 2019ರಲ್ಲಿ ಚೀನಾದ ಐದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ, ಕುಡಿತದ ಪ್ರಮಾಣವನ್ನು ಜನರ ಹೇಳಿಕೆಯಿಂದಲ್ಲದೆ ಇಂಥ ವಂಶವಾಹಿಗಳಿಂದ ಅಂದಾಜಿಸಿದಾಗ, ಪಾರ್ಶ್ವವಾಯುವಿನಿಂದ ಮಿತವಾದ ಕುಡಿತ ರಕ್ಷಿಸುತ್ತದೆ ಎಂಬ ಮಾತು ನಿಲ್ಲಲಿಲ್ಲ. ಅವೇ ವಂಶವಾಹಿಗಳನ್ನು ಹೊತ್ತಿದ್ದರೂ ಕುಡಿಯುವ ರೂಢಿಯಿಲ್ಲದ ಅಲ್ಲಿನ ಮಹಿಳೆಯರಲ್ಲಿ ಅಂಥ ಪರಿಣಾಮ ಕಾಣದಿದ್ದದ್ದು ಆ ತೀರ್ಮಾನವನ್ನು ಗಟ್ಟಿಗೊಳಿಸಿತು.

ಇಷ್ಟೆಲ್ಲ ಅರಿವಿನಿಂದ ಚಿಕಿತ್ಸೆಗೆ ದಕ್ಕಿದ್ದೇನು? ನಾಲ್ಟ್ರೆಕ್ಸೋನ್ ಒಂದು ಯಶಸ್ಸಿನ ಕಥೆ. ಕೋತಿಗಳಲ್ಲಿ ಮತ್ತು ಇಲಿಗಳಲ್ಲಿ ಕುಡಿತವನ್ನು ತಗ್ಗಿಸಿದ ಈ ಔಷಧ 1992ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಮನುಷ್ಯರಲ್ಲೂ ಫಲ ಕೊಟ್ಟಿತು, 1994ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಒತ್ತಡದ ಸಂಕೇತ ಸಾಗಿಸುವ ಸಿಆರ್‌ಎಫ್ ಎಂಬ ರಾಸಾಯನಿಕವನ್ನು ತಡೆಯುವ ಔಷಧಗಳ ಕಥೆ ಬೇರೆ. ವ್ಯಸನಕ್ಕೆ ಸಿಲುಕಿಸಿದ ಇಲಿಗಳಲ್ಲಿ ಅವು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದವೆಂದರೆ ಮುಂದಿನ ದೊಡ್ಡ ಚಿಕಿತ್ಸೆ ಅದೇ ಎಂದು ಹಲವರು ನಂಬಿದ್ದರು. 2015 ಮತ್ತು 2016ರಲ್ಲಿ ಪ್ರಕಟವಾದ ಎರಡು ಮಾನವ ಪ್ರಯೋಗಗಳಲ್ಲಿ ರೋಗಿಗಳ ಕುಡಿಯುವ ತುಡಿತ ಒಂದಿಷ್ಟೂ ತಗ್ಗಲಿಲ್ಲ. ಆ ಪ್ರಯೋಗಗಳನ್ನು ನಡೆಸಿದವರೇ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಈಗ ಎಲ್ಲರ ಕಣ್ಣು ಮಧುಮೇಹ ಮತ್ತು ಬೊಜ್ಜಿಗೆ ಕೊಡುವ ಜಿಎಲ್‌ಪಿ-1 ಗುಂಪಿನ ಔಷಧಗಳ ಮೇಲಿದೆ. ಇಲಿಗಳಲ್ಲಿ, ಸೇಂಟ್ ಕಿಟ್ಸ್‌ನ ಅದೇ ವರ್ವೆಟ್ ಕೋತಿಗಳಲ್ಲಿ ಇವು ಕುಡಿತವನ್ನು ಕಡಿಮೆ ಮಾಡಿವೆ. ಡೆನ್ಮಾರ್ಕಿನಲ್ಲಿ 127 ಮದ್ಯವ್ಯಸನಿಗಳ ಪೈಕಿ ಕೆಲವರಿಗೆ ಈ ಗುಂಪಿನ ಎಕ್ಸೆನಟೈಡ್, ಉಳಿದವರಿಗೆ ಹುಸಿ ಔಷಧ 26 ವಾರ ಕೊಟ್ಟು ನೋಡಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಸಿ ಔಷಧ ಪಡೆದವರಿಗೆ ಹೋಲಿಸಿದರೆ, ಒಟ್ಟಾರೆಯಾಗಿ ವಿಪರೀತ ಕುಡಿತದ ದಿನಗಳು ಕಡಿಮೆಯಾಗಲಿಲ್ಲ. ಬೊಜ್ಜಿದ್ದವರನ್ನು ಬೇರೆಯಾಗಿ ನೋಡಿದಾಗ ಕಡಿಮೆಯಾಗಿತ್ತು, ತೆಳ್ಳಗಿದ್ದವರಲ್ಲಿ ಹೆಚ್ಚಾಗಿತ್ತು. 2025ರಲ್ಲಿ ಅಮೆರಿಕದಿಂದ ಬಂದ, 48 ಜನರ ಮೇಲೆ 9 ವಾರ ನಡೆದ, ಇದೇ ಗುಂಪಿನ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಕುಡಿಯುವ ತುಡಿತ ತಗ್ಗಿತು, ಕುಡಿದ ದಿನ ಕುಡಿಯುವ ಪ್ರಮಾಣವೂ ತಗ್ಗಿತು. ಕುಡಿಯುವ ದಿನಗಳ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಲೋಟಕ್ಕೆ ಕೈಹಾಕುವುದನ್ನೂ ಕೈಹಾಕಿದ ಮೇಲೆ ನಿಲ್ಲಿಸುವುದನ್ನೂ ನಡೆಸುವ ಶಕ್ತಿಗಳು ಬೇರೆಬೇರೆ ಎಂಬುದಕ್ಕೆ ಇದು ಇನ್ನೊಂದು ಸೂಚನೆಯೆಂದು ನಾನು ಓದುತ್ತೇನೆ. ಮುಂದಿನ ಪ್ರಯೋಗಗಳು ನೂರು ರೋಗಿಗಳ ಸರಾಸರಿಯನ್ನು ಕೊಟ್ಟು ಸುಮ್ಮನಾಗದೆ, ಲಿನ್‌ಶೋಪಿಂಗ್‌ನ ಇಲಿಗಳನ್ನು ಬೇರ್ಪಡಿಸಿದಂತೆ, ಸಿಹಿಯ ಸನ್ನೆ ಮುಂದಿದ್ದರೂ ಅತ್ತ ಹೋಗಲಾಗದವರು ಯಾರು, ಔಷಧ ತಲುಪಿದ್ದು ಅವರಿಗೋ ಅಥವಾ ಹೇಗೂ ನಿಲ್ಲಿಸಬಲ್ಲವರಿಗೋ ಎಂಬುದನ್ನು ವಿಂಗಡಿಸಿ ಹೇಳಬೇಕಾಗಿದೆ.